ಡೀಸೆಲ್ ಮಾತ್ರ ಜಾಸ್ತಿ ಬೇಕು ಅಂದರೆ ಉಳಿದ ಕಚ್ಚಾ ತೈಲವನ್ನು ಏನು ಮಾಡುತ್ತಾರೆ?

ಎರಡು_ಲಾರಿ (ಚಳ್ಳಕೆರೆ) · ಶನಿವಾರ, ಬೆಳಗ್ಗೆ 7:40

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಲಾರಿ. ಇಪ್ಪತ್ತೆರಡು ವರ್ಷದಿಂದ ಡೀಸೆಲ್ ಹಾಕಿಸುವುದು, ಬಿಲ್ ನೋಡಿ ತಲೆ ಚಚ್ಚಿಕೊಳ್ಳುವುದು, ಇದೇ ಬದುಕು. ಆದರೆ ಮೊನ್ನೆ ಎಂಟನೇ ಕ್ಲಾಸಿನ ಮಗಳು ಒಂದು ಪ್ರಶ್ನೆ ಕೇಳಿ ನನ್ನ ಬಾಯಿ ಮುಚ್ಚಿಸಿದಳು.

ಅವಳ ಪುಸ್ತಕದಲ್ಲಿ ಒಂದು ಎತ್ತರದ ಟವರ್ ಚಿತ್ರ ಇದೆ. ಕಚ್ಚಾ ತೈಲ ಕಾಯಿಸಿ ಒಳಗೆ ಬಿಡುತ್ತಾರೆ. ತುದಿಯಲ್ಲಿ ಗ್ಯಾಸ್, ಅದರ ಕೆಳಗೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ಡಾಂಬರು. ಅವಳ ಪ್ರಶ್ನೆ ಇಷ್ಟೇ: "ಅಪ್ಪಾ, ನಮ್ಮ ದೇಶಕ್ಕೆ ಡೀಸೆಲ್ಲೇ ಜಾಸ್ತಿ ಬೇಕು ಅಂತೀಯ. ಹಾಗಾದ್ರೆ ಡೀಸೆಲ್ ತಗೊಂಡು ಉಳಿದಿದ್ದನ್ನ ಏನು ಮಾಡ್ತಾರೆ, ಚೆಲ್ತಾರಾ?"

ನಮ್ಮ ಕ್ಲೀನರ್ ಹುಡುಗ ಪಕ್ಕದಲ್ಲೇ ಇದ್ದ. "ಪೆಟ್ರೋಲ್ ತೆಗೆದ ಮೇಲೆ ಉಳಿಯೋ ಕಸಾನೇ ಡೀಸೆಲ್" ಅಂದುಬಿಟ್ಟ. ನನಗೆ ಅದೂ ಸರಿ ಅನ್ನಿಸಲಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಗುಂಡಿ_ಎಣಿಸುವವ · 7:52

ಚೆಲ್ಲುವುದಾದರೆ ಆ ಡಾಂಬರನ್ನು ನಮ್ಮೂರ ರಸ್ತೆ ಮೇಲೆ ಚೆಲ್ಲಲಿ. ಮೂರು ವರ್ಷದಿಂದ ಕಾಯುತ್ತಿದ್ದೇವೆ.

ಪಾಳಿ_ಮುಗಿಸಿದವ (ಸುರತ್ಕಲ್) · 9:15

ಮಗಳು ಹುಷಾರಿದ್ದಾಳೆ ಮಾರಾಯ್ರೆ. ನಾನು 31 ವರ್ಷ ರಿಫೈನರಿಯ ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡಿ ನಿವೃತ್ತನಾದವನು. ಆ ಚಿತ್ರ ಸುಳ್ಳಲ್ಲ. ಆದರೆ ಅದು ಮನೆಯ ಜಗಲಿ ಮಾತ್ರ. ಅಡುಗೆ ನಡೆಯುವುದು ಒಳಗೆ.

ಹಡಗಿನಲ್ಲಿ ಬಂದ ತೈಲದಲ್ಲಿ ಉಪ್ಪುನೀರು, ಮಣ್ಣು ಎಲ್ಲ ಇರುತ್ತದೆ. ಮೊದಲು ಅದನ್ನು ತೊಳೆಯಬೇಕು. ಹೌದು, ಎಣ್ಣೆಯನ್ನು ನೀರಿನಲ್ಲೇ ತೊಳೆಯುವುದು! ಬಿಸಿ ಮಾಡಿದ ತೈಲಕ್ಕೆ ಸ್ವಲ್ಪ ಸಿಹಿನೀರು ಬೆರೆಸಿ, ದೊಡ್ಡ ಡ್ರಮ್ಮಿನೊಳಗೆ ಹೈ ವೋಲ್ಟೇಜ್ ಕೊಡುತ್ತಾರೆ. ನೀರಿನ ಸಣ್ಣ ಹನಿಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ, ಉಪ್ಪನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತವೆ. ಡಿಸಾಲ್ಟರ್ ಅನ್ನುತ್ತೇವೆ. ಅದು ಕೈಕೊಟ್ಟರೆ ಉಪ್ಪು ಮುಂದೆ ಕಾದು ಹೈಡ್ರೋಕ್ಲೋರಿಕ್ ಆಸಿಡ್ ಆಗಿ ಟವರಿನ ತುದಿಯ ಪೈಪುಗಳನ್ನು ತಿನ್ನಲು ಶುರುಮಾಡುತ್ತದೆ. ನಮ್ಮ ಕಾಲದ ಅರ್ಧ ನಿದ್ದೆ ಅದಕ್ಕೇ ಹೋಯಿತು.

ಆಮೇಲೆ ಕಾಯಿಸುವುದು. ಒಳಗೆ ಬರುವ ತಣ್ಣನೆ ತೈಲಕ್ಕೆ ಹೊರಗೆ ಹೋಗುವ ಬಿಸಿ ಡೀಸೆಲ್ಲಿನ ಶಾಖವನ್ನೇ ಕೊಡುತ್ತೇವೆ, ಕಾವು ಹಾಳಾಗಬಾರದಲ್ಲ. ಕೊನೆಯ ಕಾವು ಮಾತ್ರ ಫರ್ನೇಸಿನದು, ಸುಮಾರು 350ರಿಂದ 370 ಡಿಗ್ರಿ. ಅಲ್ಲಿಂದ ಟವರಿಗೆ. ತಳ 350ರ ಆಸುಪಾಸು, ತುದಿ 120ರ ಆಸುಪಾಸು. ಒಳಗೆ ತೂತಿನ ತಟ್ಟೆಗಳು ಒಂದರ ಮೇಲೊಂದು. ಆವಿ ಮೇಲೆ ಹತ್ತುತ್ತದೆ, ದ್ರವ ಕೆಳಗೆ ಇಳಿಯುತ್ತದೆ. ಪ್ರತಿ ತಟ್ಟೆಯಲ್ಲೂ ಎರಡೂ ಮುಖಾಮುಖಿ. ತನ್ನ ಕಾವಿಗೆ ತಕ್ಕ ತಟ್ಟೆಯಲ್ಲಿ ಆವಿ ದ್ರವವಾಗಿ ನಿಲ್ಲುತ್ತದೆ. ಹೆಚ್ಚುಕಡಿಮೆ 200ರಿಂದ 370 ಡಿಗ್ರಿ ನಡುವೆ ಕುದಿಯುವ ಪಾಲನ್ನು ಪಕ್ಕದಿಂದ ಎಳೆದರೆ ಅದು ಡೀಸೆಲ್.

ಪುಸ್ತಕ ಇಲ್ಲಿಗೇ ನಿಲ್ಲುತ್ತದೆ. ಮಗಳ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಗಂಜಿ ಉಂಡು ಬಂದು ಬರೆಯುತ್ತೇನೆ.

ಸುಮ್ನೆ_ಓದುವವ · 9:21

ಅಂದರೆ ಭಟ್ಟಿ ಇಳಿಸುವುದೇ ಅಲ್ವಾ? ನಮ್ಮ ತಾತನಿಗೆ ಚೆನ್ನಾಗಿ ಗೊತ್ತಿತ್ತು. ಇಂಧನ ಬೇರೆ ಅಷ್ಟೇ.

ಕೆಮಿಸ್ಟ್ರಿ_ಮೇಡಂ (ಧಾರವಾಡ) · 9:48

ತಮಾಷೆ ಅಲ್ಲ, ಸುಮ್ನೆ_ಓದುವವರು ಸರಿಯಾಗಿಯೇ ಹೇಳಿದರು. ಭಟ್ಟಿಯೇ. ಆದರೆ ಒಂದು ಮಾತು ನೆನಪಿಡಬೇಕು. ಭಟ್ಟಿ ಹೊಸದೇನನ್ನೂ ಹುಟ್ಟಿಸುವುದಿಲ್ಲ. ಇರುವುದನ್ನು ಬೇರೆಮಾಡುತ್ತದೆ, ಅಷ್ಟೇ. ತೈಲದಲ್ಲಿ ಡೀಸೆಲ್ ಪಾಲು ಶೇ 25 ಇದ್ದರೆ ಟವರ್ ಕೊಡುವುದೂ ಶೇ 25. ತಲೆಕೆಳಗಾಗಿ ನಿಂತರೂ 26 ಬರುವುದಿಲ್ಲ.

ಇನ್ನೊಂದು. ಡೀಸೆಲ್ ಅಂತ ಒಂದೇ ವಸ್ತು ಇಲ್ಲ. ನೀರು ಅಂದರೆ ನೀರು, ಉಪ್ಪು ಅಂದರೆ ಉಪ್ಪು. ಡೀಸೆಲ್ ಹಾಗಲ್ಲ. ಹತ್ತರಿಂದ ಇಪ್ಪತ್ತು ಚಿಲ್ಲರೆ ಇಂಗಾಲದ ಪರಮಾಣು ಇರುವ ನೂರಾರು ಬಗೆಯ ಅಣುಗಳ ಸಂತೆ ಅದು. ಉದ್ದ ದಾರದಂಥವು, ಉಂಗುರದಂಥವು, ಕವಲೊಡೆದವು. ಹಾಗಾಗಿಯೇ ಅದರ ಕುದಿಯುವ ಬಿಂದು ಒಂದು ಅಂಕಿ ಅಲ್ಲ, ಇಷ್ಟರಿಂದ ಇಷ್ಟು ಅಂತ.

ಮೆಕ್ಯಾನಿಕ್_ಬಾಬು · 10:05

ಕ್ಲೀನರ್ ಹುಡುಗನಿಗೆ ಹೇಳಿ, ಕಸ ಅಲ್ಲ ಅಂತ. ಒಂದು ಲೀಟರ್ ಪೆಟ್ರೋಲಿಗಿಂತ ಒಂದು ಲೀಟರ್ ಡೀಸೆಲ್ಲಿನಲ್ಲಿ ಶೇ 10ಕ್ಕೂ ಜಾಸ್ತಿ ಶಕ್ತಿ ಇದೆ. ಮೈಲೇಜ್ ಸುಮ್ನೆ ಬರುತ್ತದಾ? ಪೆಟ್ರೋಲಿಗೆ ಕಿಡಿ ಬೇಕು. ಡೀಸೆಲ್ಲಿಗೆ ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಸಾಕು, ಆ ಬಿಸಿಗೇ ಹತ್ತಿಕೊಳ್ಳುತ್ತದೆ.

ಇತಿಹಾಸದ_ಹುಚ್ಚ · 10:30

ಕಸ ಅಂದಿದ್ದರಲ್ಲಿ ಒಂದು ಚೂರು ನಿಜ ಇದೆ ಬಾಬು ಅಣ್ಣ. ಹತ್ತೊಂಬತ್ತನೇ ಶತಮಾನದಲ್ಲಿ ಜನರಿಗೆ ಬೇಕಿದ್ದುದು ದೀಪದ ಸೀಮೆಎಣ್ಣೆ ಮಾತ್ರ. ಆಗ ನಿಜವಾದ ಕಸ ಪೆಟ್ರೋಲ್! ಬೇಗ ಹೊತ್ತಿಕೊಳ್ಳುತ್ತದೆ, ದೀಪಕ್ಕೆ ಹಾಕಿದರೆ ಮನೆಯೇ ಹೋಗುತ್ತದೆ. ಸೀಮೆಎಣ್ಣೆಗಿಂತ ದಪ್ಪನೆಯ ಪಾಲನ್ನು ಗ್ಯಾಸ್ ಆಯಿಲ್ ಅನ್ನುತ್ತಿದ್ದರು. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ತನ್ನ ಇಂಜಿನ್ ಮಾಡಿದ ಮೇಲೆ ಆ ಪಾಲಿಗೆ ಅವನ ಹೆಸರೇ ಬಂತು. ಎಣ್ಣೆಯಿಂದ ಇಂಜಿನ್ನಿಗಲ್ಲ, ಇಂಜಿನ್ನಿನಿಂದ ಎಣ್ಣೆಗೆ ಹೆಸರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಬಗೆಯ ಒಂದು ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲೂ ಓಡಿತ್ತು. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ ಪುಣ್ಯಾತ್ಮ. ಆಮೇಲೆ ಸಿಕ್ಕಿದ್ದು ಹೆಣ.

ಸುಮ್ನೆ_ಓದುವವ · 10:33

ಕಡಲೆಕಾಯಿ ಎಣ್ಣೆಯ ಈಗಿನ ರೇಟಿಗೆ ಲಾರಿ ಓಡಿಸಿದರೆ ನಾವೂ ಹಡಗಿನಿಂದ ಹಾರಬೇಕು.

ಪಾಳಿ_ಮುಗಿಸಿದವ (ಸುರತ್ಕಲ್) · ಮಧ್ಯಾಹ್ನ 1:10

ಗಂಜಿ ಆಯಿತು. ಈಗ ಮಗಳ ಪ್ರಶ್ನೆ.

ಟವರಿನ ತಳದಲ್ಲಿ ಉಳಿದ ಕಪ್ಪು ಎಣ್ಣೆಯನ್ನು ಚೆಲ್ಲುವ ಮಾತೇ ಇಲ್ಲ. ಗಲ್ಫಿನ ದಪ್ಪ ತೈಲವಾದರೆ ಹಾಕಿದ್ದರಲ್ಲಿ ಹತ್ತಿರಹತ್ತಿರ ಅರ್ಧ ತಳದಲ್ಲೇ ಉಳಿಯುತ್ತದೆ. ಅದನ್ನು ಇನ್ನೂ ಕಾಯಿಸಿದರೆ ಅಣುಗಳು ಅಡ್ಡಾದಿಡ್ಡಿ ಒಡೆದು ಪೈಪಿನೊಳಗೆ ಇದ್ದಿಲು ಕಟ್ಟುತ್ತದೆ. ಅದಕ್ಕೆ ಇನ್ನೊಂದು ಟವರ್. ಅದರೊಳಗಿನ ಗಾಳಿಯೆಲ್ಲ ಎಳೆದು ಒತ್ತಡ ಇಳಿಸುತ್ತಾರೆ. ಒತ್ತಡ ಇಳಿದರೆ ಕಡಿಮೆ ಕಾವಿಗೇ ಕುದಿಯುತ್ತದೆ. ಬೆಟ್ಟದ ಮೇಲೆ ಅನ್ನ ಬೇಯುವುದಿಲ್ಲ ಅನ್ನುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ಬರುವ ಪಾಲಿಗೆ ವ್ಯಾಕ್ಯೂಮ್ ಗ್ಯಾಸ್ ಆಯಿಲ್ ಅಂತ ಹೆಸರು. ನಾವು ವಿಜಿಓ ಅನ್ನುತ್ತೇವೆ. ನೋಡಲು ಗ್ರೀಸ್ ತರಹ. ಇಂಜಿನ್ನಿಗೆ ನೇರವಾಗಿ ಆಗುವುದಿಲ್ಲ, ಅಣು ತುಂಬಾ ಉದ್ದ.

ಉದ್ದ ಇದ್ದರೆ ಕತ್ತರಿಸಬೇಕು. ಅದಕ್ಕೆ ಹೈಡ್ರೋಕ್ರಾಕರ್. ಬಿಸಿ ವಿಜಿಓ, ಹೈಡ್ರೋಜನ್ ಎರಡನ್ನೂ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ತುಂಬಿದ ರಿಯಾಕ್ಟರಿಗೆ ನುಗ್ಗಿಸುತ್ತಾರೆ. 400 ಡಿಗ್ರಿ ಆಸುಪಾಸು ಬಿಸಿ. ಒತ್ತಡ 100ರಿಂದ 200 ಬಾರ್. ಲಾರಿಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಿಮ್ಮ ಟೈರಿಗೆ 120 ಪೌಂಡ್ ಗಾಳಿ ಹಾಕಿಸುತ್ತೀರಿ ಅಂದುಕೊಳ್ಳಿ. ಆ ರಿಯಾಕ್ಟರಿನಲ್ಲಿ ಎರಡು ಸಾವಿರ ಪೌಂಡಿನ ಲೆಕ್ಕ. ಗೋಡೆಯ ಉಕ್ಕು ಗೇಣುದ್ದ ದಪ್ಪ ಇರುತ್ತದೆ. ಉದ್ದ ಅಣು ತುಂಡಾಗುತ್ತದೆ, ತುಂಡಾದ ಬಾಯಿಗೆ ಹೈಡ್ರೋಜನ್ ಬಂದು ಕೂರುತ್ತದೆ. ಇದರಿಂದ ಬರುವ ಡೀಸೆಲ್ ಟವರಿನದಕ್ಕಿಂತ ಶುದ್ಧ. ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್‌ನಲ್ಲಿ ಇಂಥ ಹೈಡ್ರೋಕ್ರಾಕರ್ ಎರಡು ಇವೆ. ಅಲ್ಲಿನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್.

ಆ ಎರಡನೇ ಟವರಿನ ತಳದಲ್ಲೂ ಉಳಿಯುವ ಕಡುಕಪ್ಪು ಎಣ್ಣೆ ಇದೆಯಲ್ಲ, ಅದರಲ್ಲಿ ಸ್ವಲ್ಪ ಡಾಂಬರಿಗೆ. ಉಳಿದದ್ದು ಕೋಕರಿಗೆ. 500 ಡಿಗ್ರಿ ಆಸುಪಾಸಿನಲ್ಲಿ ಒಡೆದು ಇನ್ನಷ್ಟು ಡೀಸೆಲ್ ಪಾಲು ಹಿಂಡಿ, ಕೊನೆಗೆ ಕಲ್ಲಿದ್ದಲಿನಂಥ ಪೆಟ್‌ಕೋಕ್ ಉಳಿಯುತ್ತದೆ. ಅದನ್ನು ಸಿಮೆಂಟ್ ಕಾರ್ಖಾನೆಗಳು ಒಯ್ಯುತ್ತವೆ. ಕಬ್ಬಿನ ಸಿಪ್ಪೆಯನ್ನೂ ಒಲೆಗೆ ಹಾಕುವ ಆಲೆಮನೆ ಇದ್ದಂತೆ. ನಾವು ಚೆಲ್ಲುವವರಲ್ಲ ಮಾರಾಯ್ರೆ.

ಎರಡು_ಲಾರಿ (ಚಳ್ಳಕೆರೆ) · 1:34

ಆಹಾ. ಅಂದರೆ ನನ್ನ ಟ್ಯಾಂಕಿನ ಡೀಸೆಲ್ಲಿನಲ್ಲಿ ಸ್ವಲ್ಪ ಮಾತ್ರ ಭೂಮಿಯೊಳಗೇ ಡೀಸೆಲ್ ಆಗಿದ್ದದ್ದು. ಉಳಿದದ್ದು ನೀವು ಕತ್ತರಿಸಿ ಮಾಡಿದ್ದು?

ಪಾಳಿ_ಮುಗಿಸಿದವ (ಸುರತ್ಕಲ್) · 1:41

ಸ್ವಲ್ಪ ಅಲ್ಲ, ದೊಡ್ಡ ಪಾಲೇ. ಆದರೆ ಎಲ್ಲವೂ ಅಲ್ಲ. ತೈಲದ ಮೇಲೆ, ರಿಫೈನರಿಯ ಮೇಲೆ ಲೆಕ್ಕ ಬದಲಾಗುತ್ತದೆ.

ಹ್ಯೂಸ್ಟನ್_ಹುಬ್ಬಳ್ಳಿ · 2:20

ಇಲ್ಲಿ ಅಮೆರಿಕದಲ್ಲಿ ಲೆಕ್ಕವೇ ಉಲ್ಟಾ. ಒಂದು ಬ್ಯಾರೆಲ್ ಅಂದರೆ 42 ಗ್ಯಾಲನ್, ನಮ್ಮ 159 ಲೀಟರ್. ಅದರಿಂದ ಇಲ್ಲಿ 19ರಿಂದ 20 ಗ್ಯಾಲನ್ ಪೆಟ್ರೋಲ್ ತೆಗೆಯುತ್ತಾರೆ, ಡೀಸೆಲ್ ಬಗೆಯದು 11ರಿಂದ 13 ಗ್ಯಾಲನ್. ಮನೆಗೆ ಎರಡು ಪೆಟ್ರೋಲ್ ಕಾರು ಇರುವ ಊರು ಇದು. ಇವರು ವಿಜಿಓವನ್ನು ಬೇರೆ ಬಗೆಯ ಕ್ರಾಕರಿಗೆ ಹಾಕುತ್ತಾರೆ, ಎಫ್‌ಸಿಸಿ ಅಂತ. ಅದು ಪೆಟ್ರೋಲ್ ಜಾಸ್ತಿ ಕೊಡುತ್ತದೆ.

ಭಾರತದಲ್ಲಿ ನೂರು ಕೆಜಿ ತೈಲಕ್ಕೆ ಡೀಸೆಲ್ಲೇ ನಲವತ್ತು ಕೆಜಿ ದಾಟುತ್ತದೆ. ದೇಶ ಬಳಸುವ ಪೆಟ್ರೋಲಿಯಂ ಸಾಮಾನಿನಲ್ಲೂ ಡೀಸೆಲ್ ಪಾಲು ಹೆಚ್ಚುಕಡಿಮೆ ಅಷ್ಟೇ. ಲಾರಿ, ಟ್ರ್ಯಾಕ್ಟರ್, ಬಸ್ಸು. ಹೀಗೆ ಊರಿಗೆ ಏನು ಬೇಕೋ ನೋಡಿ ರಿಫೈನರಿ ಕಟ್ಟುತ್ತಾರೆ. ಕಟ್ಟಿದ ಮೇಲೆ ದಿನಕ್ಕೊಂದು ತರ ಬದಲಿಸಲು ಆಗುವುದಿಲ್ಲ.

ಇನ್ನೊಂದು ಮಜಾ. 42 ಗ್ಯಾಲನ್ ಹಾಕಿದರೆ ಹೊರಗೆ ಬರುವುದು ಸುಮಾರು 45 ಗ್ಯಾಲನ್!

ಸುಮ್ನೆ_ಓದುವವ · 2:24

ಹಾಲಿಗೆ ನೀರು ಹಾಕಿದ ಹಾಗೆ?

ಕೆಮಿಸ್ಟ್ರಿ_ಮೇಡಂ (ಧಾರವಾಡ) · 2:51

ಇಲ್ಲ. ತೂಕ ಹೆಚ್ಚಲಿಲ್ಲ, ಅಳತೆ ಹೆಚ್ಚಿತು. ದಪ್ಪ ಎಣ್ಣೆಯನ್ನು ಒಡೆದು ಹಗುರ ಎಣ್ಣೆ ಮಾಡಿದರೆ ಅಷ್ಟೇ ತೂಕಕ್ಕೆ ಜಾಗ ಜಾಸ್ತಿ ಬೇಕು. ಒಂದು ಸೇರು ಅಕ್ಕಿ ಹುರಿದು ಮಂಡಕ್ಕಿ ಮಾಡಿ ನೋಡಿ, ಎಷ್ಟು ಸೇರಾಗುತ್ತದೆ ಅಂತ.

ಎಫ್‌ಸಿಸಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲೂ ಡೀಸೆಲ್ ಕಾವಿನ ಒಂದು ಪಾಲು ಬರುತ್ತದೆ. ಆದರೆ ಅದರಲ್ಲಿ ಉಂಗುರದ ಅಣುಗಳೇ ಜಾಸ್ತಿ. ಉಂಗುರಗಳು ಒತ್ತಡಕ್ಕೆ ಬೇಗ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವ ಗುಣಕ್ಕೆ ಸೀಟೇನ್ ಅಂತ ಅಳತೆ ಇದೆ. ನಮ್ಮಲ್ಲಿ ಬಂಕಿಗೆ ಬರುವ ಡೀಸೆಲ್ಲಿಗೆ ಕನಿಷ್ಠ 51 ಬೇಕು. ಎಫ್‌ಸಿಸಿ ಪಾಲಿಗೆ 20-30 ಬಂದರೆ ಹೆಚ್ಚು. ಒಂದೇ ಕಾವಿಗೆ ಕುದಿಯುತ್ತದೆ ಅಂದ ಮಾತ್ರಕ್ಕೆ ಒಂದೇ ಗುಣ ಅಲ್ಲ.

ಕುಂದಾಪ್ರ_ಕುವೈತ್ · ಸಂಜೆ 4:02

ಎಲ್ಲರೂ ಡೀಸೆಲ್ ಡೀಸೆಲ್ ಅಂತೀರಿ, ಗಂಧಕದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಿಜವಾದ ಕೆಲಸ ಇರುವುದು ಅಲ್ಲಿ. ಇಲ್ಲಿಂದ ಹಡಗು ಹತ್ತುವ ತೈಲದಲ್ಲಿ ಗಂಧಕ ಶೇ 2.5ರ ಆಸುಪಾಸು. ಮುಂಬೈ ಕಡಲಿನ ಮುಂಬೈ ಹೈ ಬಾವಿಗಳ ತೈಲದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅರ್ಧ ಪರ್ಸೆಂಟಿಗಿಂತ ಕಡಿಮೆ ಇದ್ದರೆ ಸಿಹಿ ತೈಲ, ಜಾಸ್ತಿ ಇದ್ದರೆ ಹುಳಿ ತೈಲ ಅನ್ನುತ್ತಾರೆ. ಇಲ್ಲಿನದು ಹುಣಸೆಹುಳಿ.

ಹುಳಿ ತೈಲದ ಡೀಸೆಲ್ ಟವರಿನಿಂದ ಹೊರಗೆ ಬರುವಾಗ ಗಂಧಕ ಶೇ 1ರ ಆಜುಬಾಜು ಇರುತ್ತದೆ. ಅಂದರೆ ಹತ್ತು ಲಕ್ಷ ಭಾಗಕ್ಕೆ ಹತ್ತು ಸಾವಿರ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6, ಅಂದರೆ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ. ಅದರಲ್ಲಿ ಇರಬಹುದಾದದ್ದು ಹತ್ತು. ಹತ್ತು ಸಾವಿರದಿಂದ ಹತ್ತಕ್ಕೆ ಇಳಿಸಬೇಕು! ಅದಕ್ಕೆ ಮುಂಚೆ ಬಿಎಸ್-4ರಲ್ಲಿ 50 ಇತ್ತು. ಬಿಎಸ್-3ರಲ್ಲಿ 350. ಬಿಎಸ್-5 ಮಾಡಲೇ ಇಲ್ಲ, ಒಂದು ಮೆಟ್ಟಿಲು ಹಾರಿದರು.

ಇಳಿಸುವುದು ಹೇಗೆ ಅಂದರೆ ಮತ್ತೆ ಹೈಡ್ರೋಜನ್ನೇ. ಡೀಸೆಲ್ ಹೈಡ್ರೋಟ್ರೀಟರ್ ಅಂತ ಇದೆ. ಕೋಬಾಲ್ಟ್-ಮಾಲಿಬ್ಡಿನಂ ಕ್ಯಾಟಲಿಸ್ಟ್ ಮೇಲೆ 350 ಡಿಗ್ರಿ ಆಸುಪಾಸಿನಲ್ಲಿ ಹಾಯಿಸಿದರೆ ಗಂಧಕ ಹೈಡ್ರೋಜನ್ ಜೊತೆ ಸೇರಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆ ವಾಸನೆಯ ಅನಿಲ. ವಾಸನೆ ಬರುವ ತನಕ ಪರವಾಗಿಲ್ಲ, ಜಾಸ್ತಿಯಾದರೆ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗುವುದಿಲ್ಲ. ಆಮೇಲೆ ಮನುಷ್ಯನೇ ಹೋಗುತ್ತಾನೆ. ನಾವು ಸೊಂಟಕ್ಕೆ ಮೀಟರ್ ಕಟ್ಟಿಕೊಂಡೇ ಓಡಾಡುವುದು. ಆ ಅನಿಲದಿಂದ ಹಳದಿ ಗಂಧಕ ತೆಗೆದು ಗೊಬ್ಬರ, ಆಸಿಡ್ ಕಾರ್ಖಾನೆಗೆ ಮಾರುತ್ತಾರೆ.

ಪಾಳಿ_ಮುಗಿಸಿದವ (ಸುರತ್ಕಲ್) · 4:19

ಹೌದು ಹೌದು. ಒಂದು ತಿದ್ದುಪಡಿ ಇದೆ. "ವಾಸನೆ ಬರುವ ತನಕ ಪರವಾಗಿಲ್ಲ" ಅಂತ ಬರೆಯಬೇಡಿ, ಹುಡುಗರು ಓದುತ್ತಾರೆ. ವಾಸನೆ ಬಂತು ಅಂದರೆ ಗಾಳಿಗೆ ಅಡ್ಡಲಾಗಿ ಓಡು, ಪ್ರಶ್ನೆ ಆಮೇಲೆ. ನಮಗೆ ಮೊದಲ ದಿನ ಕಲಿಸಿದ್ದು ಅದನ್ನೇ.

ಕುಂದಾಪ್ರ_ಕುವೈತ್ · 4:25

ಒಪ್ಪಿದೆ ಸರ್. ತಪ್ಪಾಯಿತು.

ಹೊಸ_ಸದಸ್ಯ_ಕೋಲಾರ · 4:40

ನಮ್ಮ ಮಂಗಳೂರಿನಲ್ಲೇ ತೈಲ ಸಿಗುತ್ತದಲ್ಲ? ಮಂಗಳಾ ಆಯಿಲ್ ಫೀಲ್ಡ್ ಅಂತ ಪೇಪರಿನಲ್ಲಿ ಓದಿದ್ದೆ. ಮತ್ತೆ ಕುವೈತ್ ಯಾಕೆ?

ಹ್ಯೂಸ್ಟನ್_ಹುಬ್ಬಳ್ಳಿ · 4:58

ಅದು ಮಂಗಳಾ, ಮಂಗಳೂರು ಅಲ್ಲ. ರಾಜಸ್ಥಾನದ ಬಾಡಮೇರ್ ಮರುಭೂಮಿಯಲ್ಲಿದೆ, 2004ರಲ್ಲಿ ಸಿಕ್ಕಿದ್ದು. ಅದರಲ್ಲಿ ಮೇಣ ಎಷ್ಟಿದೆ ಅಂದರೆ ತಣ್ಣಗಾದರೆ ಗಟ್ಟಿಯಾಗಿ ನಿಂತುಬಿಡುತ್ತದೆ. ಗುಜರಾತಿಗೆ ಹೋಗುವ ಪೈಪನ್ನು ಉದ್ದಕ್ಕೂ ಬಿಸಿಯಾಗಿ ಇಟ್ಟೇ ಕಳಿಸಬೇಕು. ಕರ್ನಾಟಕದಲ್ಲಿ ಕಚ್ಚಾ ತೈಲದ ಬಾವಿ ಇಲ್ಲ. ದೇಶಕ್ಕೆ ಬೇಕಾದ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿಂದಲೇ ಬರುವುದು.

ಪಾಳಿ_ಮುಗಿಸಿದವ (ಸುರತ್ಕಲ್) · 5:10

ಬಾವಿ ಇಲ್ಲದಿದ್ದರೂ ನೆಲದೊಳಗೆ ತೈಲ ಇದೆ ನೋಡಿ. ನಾವೇ ತುಂಬಿಟ್ಟದ್ದು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಬಂಡೆಗುಹೆಗಳು. ಕಷ್ಟಕಾಲಕ್ಕೆ ಅಂತ. ಅಜ್ಜಿ ಅಕ್ಕಿ ಮುಡಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರಲ್ಲ, ಹಾಗೆ.

ಮೆಕ್ಯಾನಿಕ್_ಬಾಬು · 5:35

ಗಂಧಕ ತೆಗೆದು ಶುದ್ಧ ಮಾಡಿದ್ದೀರಿ, ಸರಿ. ಆದರೆ ಹಳೇ ಇಂಜಿನ್ ಪಂಪುಗಳು ಸವೆಯಲು ಶುರುವಾಗಿದ್ದೂ ಅದಕ್ಕೇ ಅಲ್ವಾ? ಹಳೇ ಡೀಸೆಲ್ ಕೈಗೆ ತಾಗಿದರೆ ಜಾರುತ್ತಿತ್ತು. ಈಗಿನದು ಒಣಒಣ.

ಕೆಮಿಸ್ಟ್ರಿ_ಮೇಡಂ (ಧಾರವಾಡ) · 6:03

ಅರ್ಧ ಸರಿ. ಜಾರುವ ಗುಣ ಕಡಿಮೆಯಾಗುವುದು ನಿಜ. ಆದರೆ ಗಂಧಕ ಹೋದದ್ದರಿಂದಲ್ಲ. ಹೈಡ್ರೋಜನ್ನಿನಲ್ಲಿ ಗಂಧಕ ತೆಗೆಯುವಾಗ ಜೊತೆಗಿದ್ದ, ಸಾರಜನಕ ಅಥವಾ ಆಮ್ಲಜನಕ ಸೇರಿದ ಅಣುಗಳೂ ಹೋಗುತ್ತವೆ. ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತಿದ್ದದ್ದು ಹೆಚ್ಚಾಗಿ ಅವು. ಇದು ಕಂಪನಿಗಳಿಗೂ ಗೊತ್ತು. ಅದಕ್ಕೇ ಜಾರುವ ಗುಣ ಕೊಡುವ ಲೂಬ್ರಿಸಿಟಿ ಅಡಿಟಿವ್ ಸೇರಿಸಿಯೇ ಹೊರಗೆ ಬಿಡುವುದು. ಉಕ್ಕಿನ ಗುಂಡನ್ನು ಡೀಸೆಲ್ಲಿನಲ್ಲಿ ಮುಳುಗಿಸಿ ಉಜ್ಜಿ, ಎಷ್ಟು ಸವೆಯಿತು ಅಂತ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. 460 ಮೈಕ್ರಾನ್ ದಾಟಿದರೆ ಫೇಲು.

ಮೆಕ್ಯಾನಿಕ್_ಬಾಬು · 6:09

ಲ್ಯಾಬಿನ ಗುಂಡು ಬೇರೆ ಮೇಡಂ, ನನ್ನ ಶೆಡ್ಡಿಗೆ ಬರುವ ಪಂಪ್ ಬೇರೆ.

ಕೆಮಿಸ್ಟ್ರಿ_ಮೇಡಂ (ಧಾರವಾಡ) · 6:14

ನಿಮ್ಮ ಶೆಡ್ಡಿಗೆ ಬರುವ ಪಂಪಿನೊಳಗೆ ಬರೀ ಡೀಸೆಲ್ಲೇ ಇತ್ತು ಅಂತ ಗ್ಯಾರಂಟಿ ಕೊಡುತ್ತೀರಾ? ಸೀಮೆಎಣ್ಣೆ ಇರಲಿಲ್ಲವಾ?

ಮೆಕ್ಯಾನಿಕ್_ಬಾಬು · 6:15

ಅದು ಪಾಯಿಂಟು.

ಮಲ್ಪೆ_ಬೋಟು · ರಾತ್ರಿ 8:20

ಸೀಮೆಎಣ್ಣೆ ಮಾತು ಬಂತಲ್ಲ, ನನ್ನದೂ ಒಂದು ಕತೆ. ಕೆಲವು ವರ್ಷದ ಹಿಂದೆ ಬೇರೆ ಕಡೆಯಿಂದ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಅಂತ ಮೂರು ಬ್ಯಾರೆಲ್ ತುಂಬಿಸಿಕೊಂಡು ಕಡಲಿಗೆ ಹೋದೆವು. ಎರಡನೇ ದಿನ ಇಂಜಿನ್ ಟಕಟಕ ಅನ್ನಲು ಶುರು. ಪಂಪ್ ಜಾಮ್. ಬಲೆ ಎಳೆಯದೆ ಇನ್ನೊಂದು ಬೋಟಿನ ಹಗ್ಗ ಹಿಡಿದು ದಡ ಸೇರಿದೆವು. ಐಸು ಕರಗಿತು, ಇದ್ದ ಮೀನೂ ಹೋಯಿತು. ಬಿಚ್ಚಿ ನೋಡಿದ ಮೇಸ್ತ್ರಿ ಮೂಸಿ "ಇದು ಡೀಸೆಲ್ ಅಲ್ಲ, ಚಿಮಣಿ ಎಣ್ಣೆ" ಅಂದ. ಉಳಿಸಿದ್ದು ಸಾವಿರ, ಹೋದದ್ದು ಲಕ್ಷ.

ಪಾಳಿ_ಮುಗಿಸಿದವ (ಸುರತ್ಕಲ್) · 8:45

ಬೇಜಾರಾಯಿತು. ಆದರೆ ನಾನು ಈಗ ಒಂದು ಮಾತು ಹೇಳಿದರೆ ನಿಮಗೆ ಸಿಟ್ಟು ಬರಬಹುದು. ಡೀಸೆಲ್ಲಿಗೆ ಸೀಮೆಎಣ್ಣೆ ಪಾಲನ್ನು ರಿಫೈನರಿಯಲ್ಲೂ ಸೇರಿಸುತ್ತೇವೆ!

ಟವರಿನಲ್ಲಿ ಸೀಮೆಎಣ್ಣೆ ತಟ್ಟೆ, ಡೀಸೆಲ್ ತಟ್ಟೆ ಅಕ್ಕಪಕ್ಕದ ಮನೆ. ನಡುವೆ ಗೋಡೆ ಇಲ್ಲ, ಬೇಲಿ ಅಷ್ಟೇ. ವಿಮಾನದ ಇಂಧನವೂ ಸೀಮೆಎಣ್ಣೆ ಪಾಲಿನಿಂದಲೇ ಆಗುವುದು. ವಿಮಾನಕ್ಕೆ ಬೇಡಿಕೆ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಒಂದಷ್ಟು ಡೀಸೆಲ್ಲಿಗೆ. 2020ರಲ್ಲಿ ಲಾಕ್‌ಡೌನ್ ಆಗಿ ವಿಮಾನಗಳು ನಿಂತಾಗ ಜಗತ್ತಿನ ಎಷ್ಟೋ ರಿಫೈನರಿಗಳು ಮಾಡಿದ್ದು ಇದನ್ನೇ. ಮಗಳ ಪ್ರಶ್ನೆಗೆ ಇದೂ ಒಂದು ಉತ್ತರ. ಡೀಸೆಲ್ ಜಾಸ್ತಿ ಬೇಕಾದರೆ ಬೇಲಿಯನ್ನು ಸ್ವಲ್ಪ ಆಚೆ ಹಾಕುವುದು.

ಮಲ್ಪೆ_ಬೋಟು · 8:49

ಓಹೋ. ನೀವು ಹಾಕಿದರೆ ಬ್ಲೆಂಡಿಂಗು, ಅವರು ಹಾಕಿದರೆ ಕಲಬೆರಕೆ?

ಪಾಳಿ_ಮುಗಿಸಿದವ (ಸುರತ್ಕಲ್) · 9:02

ಹೌದು, ಹಾಗೇ! ನಗಬೇಡಿ. ನಾವು ಹಾಕುವುದಕ್ಕೆ ಗಂಧಕ ತೆಗೆದಿರುತ್ತದೆ. ಎಷ್ಟು ಹಾಕಿದರೆ ಸೀಟೇನ್ ಇಳಿಯುತ್ತದೆ, ಎಷ್ಟು ಹಾಕಿದರೆ ಹೊರಗಿನ ಕಿಡಿಗೆ ಬೇಗ ಬೆಂಕಿ ಹಿಡಿಯುತ್ತದೆ ಅಂತ ಲೆಕ್ಕ ಇರುತ್ತದೆ. ಕೊನೆಗೆ ಟ್ಯಾಂಕಿನ ಮೇಲೆ, ನಡುವೆ, ಕೆಳಗೆ ಸ್ಯಾಂಪಲ್ ತೆಗೆದು, ಲ್ಯಾಬಿನವರು ಸಹಿ ಹಾಕದೆ ಒಂದು ಹನಿ ಹೊರಗೆ ಹೋಗುವುದಿಲ್ಲ. ಕದ್ದು ಹಾಕುವವನು ಬಕೆಟ್ಟಿನಲ್ಲಿ ಅಳೆಯುತ್ತಾನೆ. ಅಡುಗೆಗೆ ಉಪ್ಪು ಹಾಕುವುದು ಬೇರೆ, ಸಿಟ್ಟಿನಲ್ಲಿ ಉಪ್ಪಿನ ಡಬ್ಬ ಬೋರಲು ಹಾಕುವುದು ಬೇರೆ.

ಗುಂಡಿ_ಎಣಿಸುವವ · 9:10

ಅದೆಲ್ಲ ಬಿಡಿ. ಇಷ್ಟೆಲ್ಲ ಮಾಡಿದ ಮೇಲೂ ಈ ರೇಟು ಯಾಕೆ? ತೆರಿಗೆ ಎಷ್ಟು ಅಂತ ಯಾರಾದರೂ ಹೇಳಿ ನೋಡೋಣ.

ನಿರ್ವಾಹಕ · 9:12

ಬೆಲೆ, ತೆರಿಗೆ, ಯಾರ ಸರ್ಕಾರ ಅನ್ನುವುದಕ್ಕೆ ಬೇರೆ ಚರ್ಚೆ ಇದೆ, 900 ಪ್ರತಿಕ್ರಿಯೆ ದಾಟಿದೆ. ಅಲ್ಲಿ ಹೋಗಿ ಹೊಡೆದಾಡಿ. ಇದು ಚೆನ್ನಾಗಿ ನಡೆಯುತ್ತಿದೆ, ಕೆಡಿಸಬೇಡಿ.

ಬೆಳಗಾವಿ_ಮಾಜಿ_ಸೈನಿಕ · ಭಾನುವಾರ, ಬೆಳಗ್ಗೆ 6:05

ಎಲ್ಲ ಓದಿದೆ. ಡೀಸೆಲ್ ಹೆಪ್ಪುಗಟ್ಟಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ನಾನು ಲಡಾಖಿನಲ್ಲಿ ಆರ್ಮಿ ಗಾಡಿ ಓಡಿಸಿದವನು. ಚಳಿಗಾಲದ ರಾತ್ರಿ ಇಂಜಿನ್ ಆಫ್ ಮಾಡಿದರೆ ಬೆಳಗ್ಗೆ ಟ್ಯಾಂಕಿನಲ್ಲಿ ತುಪ್ಪ ಇದ್ದ ಹಾಗೆ ಇರುತ್ತಿತ್ತು. ಕೆಳಗೆ ಬೆಂಕಿ ಮಾಡಿ ಕರಗಿಸಿದ್ದೂ ಉಂಟು. ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ! ಈಗ ನೆನೆದರೆ ಮೈ ನಡುಗುತ್ತದೆ. ಕೆಲವರು ಸೀಮೆಎಣ್ಣೆ ಬೆರೆಸುತ್ತಿದ್ದರು, ಮಲ್ಪೆಯವರು ಕ್ಷಮಿಸಬೇಕು.

2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖಿಗೆ ಅಂತ ಬೇರೆ ಚಳಿಗಾಲದ ಡೀಸೆಲ್ ತಂದರು. ಪಾಣಿಪತ್ ರಿಫೈನರಿಯದು. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುತ್ತದೆ. ನಾನು ಆ ಹೊತ್ತಿಗೆ ಊರಿಗೆ ಬಂದಾಗಿತ್ತು.

ಕೆಮಿಸ್ಟ್ರಿ_ಮೇಡಂ (ಧಾರವಾಡ) · 7:30

ನಮಸ್ಕಾರ ಸರ್. ತುಪ್ಪದ ಹೋಲಿಕೆ ತುಂಬಾ ಸರಿ. ಹೆಪ್ಪುಗಟ್ಟುವುದು ಉದ್ದ ದಾರದ ಅಣುಗಳು, ಅಂದರೆ ಮೇಣ. ವಿಚಿತ್ರ ಅಂದರೆ ಸೀಟೇನ್ ಚೆನ್ನಾಗಿ ಕೊಡುವುದೂ ಅವೇ. ಬೇಗ ಹೊತ್ತಿಕೊಳ್ಳುವುದು ಬೇಕು ಅಂದರೆ ಅವು ಇರಬೇಕು, ಚಳಿಯಲ್ಲಿ ಹರಿಯಬೇಕು ಅಂದರೆ ಅವು ಇರಬಾರದು. ನಮ್ಮ ಕಡೆ ಚಳಿ ಇಲ್ಲದ್ದರಿಂದ ಆ ತಲೆಬಿಸಿ ಇಲ್ಲ.

ಹಾಸನದ_ಹೊಂಗೆ · 8:15

ಪೈಪ್‌ಲೈನ್ ಬಗ್ಗೆ ಯಾರೂ ಹೇಳಲಿಲ್ಲ. ಮಂಗಳೂರಿನ ಡೀಸೆಲ್ ಎಲ್ಲವೂ ಟ್ಯಾಂಕರಿನಲ್ಲಿ ಘಾಟಿ ಹತ್ತುತ್ತದೆ ಅಂದುಕೊಳ್ಳಬೇಡಿ. ಮಂಗಳೂರಿನಿಂದ ನಮ್ಮ ಹಾಸನದ ಮೇಲೆ ಬೆಂಗಳೂರು ಹೊರವಲಯದ ದೇವನಗೊಂದಿಗೆ 360 ಚಿಲ್ಲರೆ ಕಿಲೋಮೀಟರ್ ಪೈಪು ಇದೆ. ಅದೇ ಪೈಪಿನಲ್ಲಿ ಸ್ವಲ್ಪ ಹೊತ್ತು ಪೆಟ್ರೋಲ್, ಅದರ ಬೆನ್ನಿಗೆ ಡೀಸೆಲ್. ನಡುವೆ ಅಡ್ಡಗೋಡೆ ಇಲ್ಲ. ಎರಡೂ ಸೇರುವ ಜಾಗದಲ್ಲಿ ಬೆರೆತದ್ದನ್ನು ಬೇರೆ ಟ್ಯಾಂಕಿಗೆ ತಿರುಗಿಸಿಕೊಳ್ಳುತ್ತಾರೆ.

ಹೆಸರಿಗೆ ತಕ್ಕಂತೆ ಇನ್ನೊಂದು. ನಮ್ಮ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆಬೀಜದ ಎಣ್ಣೆಗೆ ಮೆಥನಾಲ್ ಸೇರಿಸಿ ಬಯೋಡೀಸೆಲ್ ಮಾಡುತ್ತಾರೆ. ಟವರೂ ಬೇಡ, ಕುವೈತೂ ಬೇಡ.

ಹ್ಯೂಸ್ಟನ್_ಹುಬ್ಬಳ್ಳಿ · 8:31

ಹೊಂಗೆ ಒಳ್ಳೆಯದೇ. ಆದರೆ ದೇಶಕ್ಕೆ ವರ್ಷಕ್ಕೆ ಬೇಕಾದ ಡೀಸೆಲ್ ಸುಮಾರು 9 ಕೋಟಿ ಟನ್. ಎಷ್ಟು ಹೊಂಗೆಮರ ನೆಡುತ್ತೀರಿ?

ಹಾಸನದ_ಹೊಂಗೆ · 8:33

ನೆರಳಾದರೂ ಸಿಗುತ್ತದೆ ಬಿಡಿ.

ಎರಡು_ಲಾರಿ (ಚಳ್ಳಕೆರೆ) · ರಾತ್ರಿ 9:50

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಗಳನ್ನು ಕೂರಿಸಿಕೊಂಡು ಪೂರ್ತಿ ಓದಿಸಿದೆ. ಅವಳು ನೋಟ್‌ಬುಕ್ಕಿನಲ್ಲಿ ಟವರ್ ಪಕ್ಕಕ್ಕೆ ಇನ್ನೂ ನಾಲ್ಕು ಡಬ್ಬಿ ಬರೆದು ಬಾಣ ಎಳೆದಿದ್ದಾಳೆ. ಒಂದರ ಮೇಲೆ "ಕತ್ತರಿ", ಒಂದರ ಮೇಲೆ "ಕೊಳೆತ ಮೊಟ್ಟೆ" ಅಂತ ಬರೆದಿದ್ದಾಳೆ. ಪರೀಕ್ಷೆಯಲ್ಲಿ ಹೀಗೆ ಬರೆಯಬೇಡ ಅಂತ ಅವಳಮ್ಮ ಬೈದಳು.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಹೋದ ವರ್ಷ ಹೊಸ ಲಾರಿ ತಂದ ವಾರದಲ್ಲೇ ಡ್ರೈವರ್ ಯೂರಿಯಾ ನೀರನ್ನು ಡೀಸೆಲ್ ಟ್ಯಾಂಕಿಗೆ ಸುರಿದಿದ್ದ. ಬಿಎಸ್-6 ಗಾಡಿಯ ಹೊಗೆ ಶುದ್ಧ ಮಾಡಲು ಇರುವ ನೀರು ಅದು, ಅದಕ್ಕೆ ಬೇರೆ ಟ್ಯಾಂಕ್ ಇದೆ. ಪುಣ್ಯಕ್ಕೆ ಸ್ಟಾರ್ಟ್ ಮಾಡಲಿಲ್ಲ. ಅವತ್ತು ಅವನಿಗೆ ಬೈದಿದ್ದೆ. ಆದರೆ ಅದು ಯಾಕೆ ಬೇಕು, ಡೀಸೆಲ್ ಯಾಕೆ ಅಷ್ಟು ಶುದ್ಧ ಇರಬೇಕು ಅಂತ ನನಗೂ ಗೊತ್ತಿರಲಿಲ್ಲ, ಅವನಿಗೆ ಹೇಳಿಯೂ ಇರಲಿಲ್ಲ.

ಈಗ ಮಗಳ ಹೊಸ ಪ್ರಶ್ನೆ: ಆ ತೈಲದೊಳಗೆ ಗಂಧಕ ಬಂದದ್ದು ಎಲ್ಲಿಂದ?

ಕೆಮಿಸ್ಟ್ರಿ_ಮೇಡಂ (ಧಾರವಾಡ) · 10:20

ಸಮುದ್ರದಿಂದ. ಕೋಟ್ಯಂತರ ವರ್ಷದ ಹಿಂದೆ ಸತ್ತು ತಳ ಸೇರಿದ ಕಣ್ಣಿಗೆ ಕಾಣದ ಜೀವಿಗಳೇ ತೈಲವಾದದ್ದು. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರುತ್ತದೆ. ಗಾಳಿ ಇಲ್ಲದ ಕೆಸರಿನ ಬ್ಯಾಕ್ಟೀರಿಯಾ ಅದನ್ನು ಬಳಸಿ ಅದೇ ಕೊಳೆತ ಮೊಟ್ಟೆ ಅನಿಲ ಮಾಡುತ್ತವೆ. ಅದು ಆ ಕೆಸರಿನೊಳಗೇ ಸೇರಿಕೊಳ್ಳುತ್ತದೆ. ಮಲ್ಪೆಯವರಿಗೆ ಅಳಿವೆ ಕೆಸರಿನ ವಾಸನೆ ಗೊತ್ತಿರಬೇಕು.

ಮಲ್ಪೆ_ಬೋಟು · 10:26

ಗೊತ್ತಿಲ್ಲದೆ ಏನು ಮೇಡಂ, ಇಳಿತದ ಹೊತ್ತಿಗೆ ಬನ್ನಿ, ಮನೆ ಬಾಗಿಲಿಗೇ ಬರುತ್ತದೆ.

ಪಾಳಿ_ಮುಗಿಸಿದವ (ಸುರತ್ಕಲ್) · 10:31

ಲಾರಿಯವರೇ, ಈ ಕಡೆ ಲೋಡ್ ಬಂದರೆ ಮಗಳನ್ನೂ ಕರೆತನ್ನಿ. ರಿಫೈನರಿ ಒಳಗೆ ಬಿಡಿಸುವುದು ನನ್ನ ಕೈಲಿ ಆಗದು. ಆದರೆ ನಮ್ಮ ಮನೆ ತಾರಸಿಯಿಂದ ಟವರ್ ಕಾಣುತ್ತದೆ. ಯಾವುದು ಯಾವುದು ಅಂತ ಬೆರಳು ಮಾಡಿ ತೋರಿಸುತ್ತೇನೆ.

ಎರಡು_ಲಾರಿ (ಚಳ್ಳಕೆರೆ) · 10:40

ಮುಂದಿನ ತಿಂಗಳು ಈರುಳ್ಳಿ ಲೋಡ್ ಇದೆ ಸರ್. ಎರಡು ಚೀಲ ನಿಮಗೆ.